ವಖಾರಿ ಓಣಿಯ ಎರಡು ಮಾಡು

ಹೋದ ತಿಂಗಳು ಒಂದು ಮದುವೆಗೆಂದು ಕುಮಟೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ ನಿಲ್ದಾಣದ ಕಡೆಗೆ ನಡೆದು ಬರುವಾಗ, ಹಳೆಯ ಗುಡಿಯೊಂದರ ಪೌಳಿ ದುರಸ್ತಿ ಮಾಡುತ್ತಿದ್ದಲ್ಲಿ ಯಾರೋ ಸುಟ್ಟ ಚಿಪ್ಪಿನ ರಾಶಿಗೆ ನೀರು ಹೊಯ್ದರು. ರಾಶಿ ಬುಸುಗುಟ್ಟಿ ಬಿಸಿ ಹಬೆ ಎದ್ದಿತು. ಈಗ ಎಲ್ಲ ಕಡೆ ಸಿಮೆಂಟು. ಬಳಚಿನ ಚಿಪ್ಪಿನ ಸುಣ್ಣ ಅರಳುವ ವಾಸನೆ ಮೂಗಿಗೆ ಬೀಳದೆ ಎಷ್ಟು ಕಾಲವಾಗಿತ್ತೋ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಜೊತೆಗಿದ್ದ ಪಕ್ಕದ ಮನೆಯ ಶಾರದೆ, “ಎಂತ ಆತು?” ಎಂದಳು. ಚಪ್ಪಲಿಗೆ ಕಲ್ಲು ಸಿಕ್ಕಿತು ಎಂದೆ. ಆಗ ನನ್ನೊಳಗೆ ಎದ್ದದ್ದನ್ನು ಅವಳಿಗೆ ಹೇಳುವ ಹಾಗಿರಲಿಲ್ಲ. ಅದು ಹೊಟ್ಟೆಕಿಚ್ಚು. ಇಷ್ಟು ವರ್ಷದ ಮೇಲೂ, ಈ ವಯಸ್ಸಿನಲ್ಲೂ, ನನ್ನ ಓರಗಿತ್ತಿ ಗಂಗೆಯ ಮೇಲಿನ ಅದೇ ಹಳೆಯ ಹೊಟ್ಟೆಕಿಚ್ಚು.

ಆಗ ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ನಾಲ್ಕಾರು ವರ್ಷ ಆಗಿರಬೇಕು. ನಾವು ಕುಮಟೆಯ ಪೇಟೆಯಲ್ಲಿ ಒಂದು ಅಕ್ಕಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಡಾರ ಮಾಡಿಕೊಂಡಿದ್ದೆವು. ಅತ್ತೆ, ನಾನು, ನಮ್ಮವರು, ಅವರ ತಮ್ಮ ತಿಮ್ಮಪ್ಪ, ತಿಮ್ಮಪ್ಪನ ಹೆಂಡತಿ ಗಂಗೆ, ಇಷ್ಟು ಜನಕ್ಕೆ ಅದೊಂದೇ ಕೋಣೆ. ನಮ್ಮವರು ಅದೇ ಅಂಗಡಿಯಲ್ಲಿ ಅಕ್ಕಿ ತೂಗುತ್ತಿದ್ದರು. ತಿಮ್ಮಪ್ಪ ಮಚವೆಯಲ್ಲಿ, ಸರಕು ಸಾಗಿಸುವ ಹಾಯಿದೋಣಿಯಲ್ಲಿ, ಖಲಾಸಿ. ಕೋಣೆಯ ನಡುವೆ ಗೋಣಿಚೀಲ ಬಿಚ್ಚಿ ಹೊಲಿದ ಪರದೆ. ಪರದೆಯ ಆಚೆ ಗಂಗೆ ನಕ್ಕರೆ ಈಚೆ ನಮಗೆ ಕೇಳುತ್ತಿತ್ತು. ಅವಳು ಬಹಳ ನಗುತ್ತಿದ್ದಳು.

ಹಿಂದಿನ ಮಳೆಗಾಲದಲ್ಲಿ ನನ್ನ ಮೊದಲ ಮಗು ಆ ಕೋಣೆಯಲ್ಲೇ ಹುಟ್ಟಿತ್ತು. ಗಂಡು. ಹೆಂಚಿನ ಮಾಡು ಸೋರುತ್ತಿತ್ತು. ಅತ್ತೆ ನನ್ನ ಚಾಪೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯುತ್ತಿದ್ದರು. ಹನಿ ಅಲ್ಲಿಗೂ ಹುಡುಕಿಕೊಂಡು ಬರುತ್ತಿತ್ತು. ಮಗುವಿನ ಬಟ್ಟೆಯನ್ನು ಒಲೆಯ ಮೇಲೆ ಒಣಗಿಸಿದರೂ ತಣ್ಣಗೇ ಇರುತ್ತಿತ್ತು. ಆಷಾಢದಲ್ಲಿ ಅದರ ಎದೆ ಗೊರಗೊರ ಎನ್ನತೊಡಗಿತು. ಶ್ರಾವಣಕ್ಕೆ ಅದು ಇರಲಿಲ್ಲ.

ಮರುಬೇಸಿಗೆಗೆ ನಾನು ಮತ್ತೆ ಬಸುರಿ. ಹೆರಿಗೆ ಮತ್ತೆ ಮಳೆಗಾಲದ ನಟ್ಟನಡುವಿಗೇ ಬರುತ್ತಿತ್ತು. ಮಳೆಗಾಲ ಶುರುವಾಗುವ ಮಿರ್ಗದ ಮಳೆ ಹಿಡಿಯುವ ಮೊದಲು ಸೋರದ ಒಂದು ಮಾಡು ಬೇಕು, ಅದರ ಹೊರತು ನನಗೆ ಬೇರೆ ಯೋಚನೆಯೇ ಇರಲಿಲ್ಲ. ಪೇಟೆಯಲ್ಲಿ ನಮ್ಮಂಥವರಿಗೆ ಬಿಡಾರ ಸಿಗುವುದು ಕಷ್ಟವಿತ್ತು. ನಮ್ಮವರು ಹುಡುಕಿ ಹುಡುಕಿ ಸುಮ್ಮನಾಗಿದ್ದರು.

ಜಾಗ ಹುಡುಕಿದವಳು ಗಂಗೆ. ಬಂದರಿಗೆ ಹೋಗುವ ದಾರಿಯಲ್ಲಿ ಹತ್ತಿ ವ್ಯಾಪಾರದ ಕಾಲದ ಎರಡು ದೊಡ್ಡ ವಖಾರಿಗಳು ಅಕ್ಕಪಕ್ಕ ನಿಂತಿದ್ದವು. ಹತ್ತಿ ಹೋಗಿ ಎಷ್ಟೋ ಕಾಲವಾಗಿ, ಬಾಗಿಲಿಗೆ ಬೀಗ ಬಿದ್ದಿತ್ತು. ಅವೆರಡರ ನಡುವೆ ಹಿಂದೆ ಎತ್ತಿನ ಗಾಡಿ ಒಳಗೆ ಬಂದು ಹತ್ತಿಯ ಅಂಡಿಗೆ ಇಳಿಸುತ್ತಿದ್ದ ಓಣಿ. ಒಂದು ತುದಿ ರಸ್ತೆಗೆ, ಇನ್ನೊಂದು ತುದಿಗೆ ಗೋಡೆ. ಒಳಗೆ ಒಡೆದ ಹೆಂಚು, ಲಂಟಾನದ ಪೊದೆ, ಪೇಟೆಯವರು ಎಸೆದ ಕಸ. ನಾನೂ ಆ ದಾರಿಯಲ್ಲೇ ದಿನಾ ನೀರಿಗೆ ಹೋಗುತ್ತಿದ್ದೆ. ಮೂಗು ಮುಚ್ಚಿಕೊಂಡು ಹೋಗುತ್ತಿದ್ದೆ. ಅವಳು ನಿಂತು ನೋಡಿದಳು.

ನನಗೊಂದು ಮಾತೂ ಹೇಳದೆ ವಖಾರಿಯ ಒಡೆಯರ ಮನೆಗೆ ಹೊರಟವಳನ್ನು ಕಂಡು ನಾನೂ ಹಿಂದೆ ಹೋದೆ. ಒಡೆಯರು ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಒಡ್ಯಾ, ನಿಮ್ಮ ವಖಾರಿ ಓಣಿಯಲ್ಲಿ ಹಾವು ಸಂಸಾರ ಮಾಡ್ತಾ ಅದೆ. ಅದರ ಬದ್ಲು ನಾವು ಮಾಡಿದ್ರೆ ಆಗುದಿಲ್ವಾ?”

“ಹಾವು ನನ್ನ ಹೆಂಚು ಕದಿಯೂದಿಲ್ಲ, ತಂಗಿ.”

“ಕದಿಯೂರನ್ನ ತಡೆಯೂದೂ ಇಲ್ಲ. ಹೋದ ವರ್ಷ ಮೂಲೆ ಹೆಂಚೆಲ್ಲ ಹೋಯ್ತಲ್ಲ, ಹಾವು ಎಂತ ಮಾಡ್ತು? ನಾವು ಅಲ್ಲೇ ಇದ್ರೆ ನಿಮ್ಗೆ ಕಾವಲು ಬಿಟ್ಟಿ. ಕಸ ತೆಗೆಯೂದೂ ಬಿಟ್ಟಿ. ನಮ್ಮ ಅತ್ತೆ ಬೈಯೂದು ಬೇರೆ ಬಿಟ್ಟಿ, ಕಳ್ಳ ಓಣಿಗೆ ಕಾಲಿಡೂದಿಲ್ಲ.”

ಒಡೆಯರಿಗೆ ನಗು ತಡೆಯಲಾಗಲಿಲ್ಲ. ಅವಳ ಕಸುಬೇ ಅದು. ನಾನಾಗಿದ್ದರೆ ಅಳುತ್ತಿದ್ದೆ, ಅವರು ಇಲ್ಲ ಎನ್ನುತ್ತಿದ್ದರು. ಅವರು ಎರಡು ಮಾತು ಹೇಳಿದರು. ಮಿರ್ಗದೊಳಗೆ ಮಾಡು ಹೊದಿಸಿದರೆ ಇರಬಹುದು, ಇಲ್ಲವಾದರೆ ಕಲ್ಲು ಎತ್ತಿಕೊಂಡು ಹೋಗಬೇಕು. ಎರಡನೆಯದು, ಅವರ ಗೋಡೆಗೆ ಒಂದು ಮೊಳೆಯೂ ಬೀಳಬಾರದು, ನಮ್ಮ ಕಟ್ಟೋಣ ಅದಕ್ಕೆ ತಾಗಬಾರದು.

ಎರಡನೆಯ ಮಾತಿನಲ್ಲಿ ತೊಡಕಿತ್ತು. ಎರಡೂ ವಖಾರಿಗಳ ಸೂರಿನ ನೀರು ಬೀಳುವುದು ಆ ಓಣಿಗೇ. ಅಷ್ಟು ದೊಡ್ಡ ಮಾಡುಗಳ ನೀರು ಎರಡು ಬದಿಯಿಂದ ಸುರಿಯುವಲ್ಲಿ ಮನೆ ಹೇಗೆ ನಿಲ್ಲುತ್ತದೆ? ಸೂರಿಗೆ ನೀರು ಹರಿಯುವ ದಂಬೆ ಕಟ್ಟೋಣವೆಂದರೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನಮ್ಮವರು ಇದನ್ನು ಹೇಳಿ, “ಸುಮ್ನೆ ಆಸೆ” ಎಂದರು. ಗಂಗೆ ಒಂದು ದಿನ ಯೋಚಿಸಿದಳು. ಮರುದಿನ ತೆಂಗಿನಗುಂಡಿಯ ತವರಿಗೆ ಹೇಳಿ ಕಳಿಸಿದಳು.

ಅವಳ ಅಣ್ಣಂದಿರು ಅಲ್ಲಿ ಮೀನು ಹಿಡಿಯುವವರು. ದಡದಲ್ಲಿ ಬಿದ್ದಿದ್ದ ಹಳೆಯ ಪಾತಿಗಳನ್ನು, ಒಂದೇ ಮರ ಕೊರೆದು ಮಾಡುವ ಸಣ್ಣ ದೋಣಿಗಳನ್ನು, ಬಿರುಕಿಗೆ ಗೇರೆಣ್ಣೆ ಬಳಿದು, ದೊಡ್ಡ ದೋಣಿಗೆ ಕಟ್ಟಿಕೊಂಡು ಕುಮಟೆ ಬಂದರಿಗೆ ತಂದರು. ಅಲ್ಲಿಂದ ಹೆಗಲ ಮೇಲೆ ಹೊತ್ತು ಪೇಟೆಯ ನಡುವೆಯೇ ಬಂದರು. ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ಚಾ ಅಂಗಡಿಯವನು, “ಎಂತ ಮಾರಾಯ್ರೆ, ಪೇಟೆ ಮುಳುಗೂದು ಯಾವಾಗ?” ಎಂದು ಕೂಗಿದ. ಗಂಗೆಯ ಹಿರಿಯಣ್ಣ ಹೆಗಲು ಬದಲಿಸುತ್ತ, “ಮುಳುಗೂದಕ್ಕೆ ಯಾಕೆ ಕಾಯ್ಬೇಕು? ನಿನ್ನ ಚಾದಲ್ಲೇ ತೇಲಿಸ್ಬಹುದು, ಅಷ್ಟು ನೀರು ಅದೆ” ಎಂದ. ಇಡೀ ಪೇಟೆ ನಕ್ಕಿತು. ಗಂಗೆ ಮುಂದೆ ಮುಂದೆ ನಡೆಯುತ್ತಿದ್ದಳು, ಮದುವೆಯ ದಿಬ್ಬಣ ಕರೆದುಕೊಂಡು ಹೋಗುವವಳ ಹಾಗೆ.

ನನ್ನ ತವರು ಹೊನ್ನಾವರ. ಹೆಂಚು ಕಳಿಸುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದ. ಹೆಂಚು ಬರಲಿಲ್ಲ, ಅವನೂ ಬರಲಿಲ್ಲ.

ಪಾತಿಗಳನ್ನು ವಖಾರಿಯ ಸೂರಿನ ಕೆಳಗೆ, ಗೋಡೆಗೆ ತಾಗದಂತೆ, ಕಲ್ಲಿನ ಕಂಬಗಳ ಮೇಲೆ ಸಾಲಾಗಿ ಇಟ್ಟೆವು. ತುದಿ ಕೊಯ್ದು, ಒಂದರ ಮೂತಿ ಇನ್ನೊಂದರ ಹಿಂಬದಿಯೊಳಗೆ. ವಖಾರಿಯ ಸೂರಿನ ನೀರೂ ನಮ್ಮ ಮಾಡಿನ ನೀರೂ ಅದರಲ್ಲೇ ಬಿದ್ದು ರಸ್ತೆಯ ಚರಂಡಿಗೆ ಹರಿದುಹೋಗುವ ಹಾಗೆ. ಎರಡು ಪಾತಿಸಾಲಿನ ನಡುವೆ ಹಿಂದೊಂದು ಮುಂದೊಂದು ಎರಡು ಪುಟ್ಟ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ಕೂರಲು ಮೊಳವಗಲದ ಜಗಲಿ. ನೋಡಲು ಬಂದವರೆಲ್ಲ “ಗಂಗೆಯ ಬುದ್ಧಿ” ಎನ್ನುತ್ತಿದ್ದರು. ಕಲ್ಲು ನಾನೂ ಹೊತ್ತಿದ್ದೆ, ಆ ಹೊಟ್ಟೆ ಇಟ್ಟುಕೊಂಡು ಗಾರೆ ಕಲಸಿದ್ದೆ. ಸುಣ್ಣದಿಂದ ನನ್ನ ಬೆರಳ ಸಂದುಗಳು ಬೆಂದಿದ್ದವು. ನನ್ನ ಬೆರಳನ್ನು ಯಾರೂ ನೋಡಲಿಲ್ಲ.

ಯಾವ ಮನೆ ಯಾರಿಗೆ ಎಂಬುದನ್ನು ಅತ್ತೆ ತೀರ್ಮಾನಿಸಿದರು. ಅದರಲ್ಲಿ ಚರ್ಚೆಗೆ ಎಡೆಯಿರಲಿಲ್ಲ. “ಹಿರಿಯವ ಪಡುವಣಕ್ಕೆ, ಕಿರಿಯವ ಮೂಡಣಕ್ಕೆ. ನಮ್ಮಲ್ಲಿ ನಡೆದು ಬಂದದ್ದು ಹಂಗೆ.” ಓಣಿಯ ಬಾಯಿ ಇದ್ದದ್ದು ಮೂಡಣಕ್ಕೆ, ರಸ್ತೆಯ ಕಡೆಗೆ. ಪಡುವಣಕ್ಕೆ ಮುಚ್ಚಿದ ಗೋಡೆ. ಹಿರಿತನ ನಮಗೆ ಬಂತು, ಗಾಳಿ ಬೆಳಕು ಅವಳಿಗೆ ಹೋಯಿತು. ಅವಳು ರಸ್ತೆಯ ಕಡೆಗೆ ಒಂದು ಕಿಟಕಿ ಇಡಿಸಿದಳು. ಒಡೆದ ಮಚವೆಯೊಂದರ ಹಲಗೆಯಿಂದ ತಿಮ್ಮಪ್ಪ ಅದಕ್ಕೆ ಬಾಗಿಲು ಮಾಡಿದ. ಹಲಗೆಯಲ್ಲಿ ಹಳೆಯ ನೀಲಿ ಬಣ್ಣ ಇನ್ನೂ ಇತ್ತು. ಆ ನೀಲಿ ಕಿಟಕಿಯನ್ನು ದಾಟಿಯೇ ನಾನು ನನ್ನ ಕತ್ತಲೆಯ ಮನೆಗೆ ಹೋಗಬೇಕಾಗಿತ್ತು. ದಾಟುವಾಗೆಲ್ಲ ಅದರ ಕಡೆಗೆ ನೋಡದೆ ಹೋಗುತ್ತಿದ್ದೆ. ನೋಡದಿದ್ದರೂ ಎಲ್ಲಿ ಎಷ್ಟು ಬಣ್ಣ ಎದ್ದಿದೆ ಎಂಬುದು ನನಗೆ ಗೊತ್ತಿತ್ತು.

ಗೋಡೆ ತಲೆಮಟ್ಟಕ್ಕೆ ಬಂದು ಮಾಡಿಗೆ ಜಂತಿ ಏರಿಸುವ ದಿನ ಅತ್ತೆ ಇನ್ನೊಂದು ಮಾತು ತೆಗೆದರು. ತಮ್ಮನ ಮಾಡು ಅಣ್ಣನ ಮಾಡಿನ ಸಮ ಇರಬಾರದು. ಅಣ್ಣನದು ಒಂದು ಕಲ್ಲಾದರೂ ಮೇಲಿರಬೇಕು. ಇಲ್ಲದಿದ್ದರೆ ಹಿರಿಯವನಿಗೆ ಏಳಿಗೆ ಇಲ್ಲ.

“ಹೋಗ್ಲಿ ಅತ್ತೆ, ಮೇಲೇ ಹೋಗ್ಲಿ,” ಎಂದಳು ಗಂಗೆ. “ಬಾವ ಉದ್ದ ಅದಾರೆ. ಅವರ ತಲೆಯೂ ಉಳೀತದೆ, ನಿಮ್ಮ ಮಾತೂ ಉಳೀತದೆ.”

ಕಲ್ಲು ಕಟ್ಟುವ ಜಟ್ಟಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. “ಒಂದು ಸಾಲು ಅಲ್ವ, ಮಧ್ಯಾಹ್ನದೊಳಗೆ ಆತು” ಎಂದ. ನಮ್ಮ ಮನೆಗೆ ಸುತ್ತ ಒಂದು ಸಾಲು ಕೆಂಪುಕಲ್ಲು ಹೆಚ್ಚಾಗಿ ಕೂತಿತು. ಸಾಲ ಮಾಡಿ ತಂದ ಹೆಂಚು ಹೊದಿಸಿದ ಮೇಲೆ ನಾನು ರಸ್ತೆಗೆ ಹೋಗಿ ನಿಂತು ನೋಡಿದೆ. ನೀಲಿ ಕಿಟಕಿಯ ಮೇಲೆ ಅವಳ ಮಾಡು, ಅವಳ ಮಾಡಿನ ಹಿಂದೆ, ಅದಕ್ಕಿಂತ ಮೇಲೆ, ನಮ್ಮದು. ಆ ಬೇಸಿಗೆಯಲ್ಲಿ ನನಗೆ ಹೊಟ್ಟೆ ತಣ್ಣಗಾದದ್ದು ಆ ಒಂದು ಕಲ್ಲಿಗೆ.

ಒಡೆಯರು ಬಂದು ನೋಡಿ ತಲೆಯಾಡಿಸಿದರು. ಮಿರ್ಗ ಹತ್ತಿರ ಬಂದಾಗ ನಾವು ಹಾಲುಕ್ಕಿಸಿ ಒಳಗೆ ಹೋದೆವು. ಹಿರಿಯ ಮಗನ ಮನೆಯೆಂದು ಅತ್ತೆ ನಮ್ಮ ಜೊತೆಗೆ.

ಮೊದಮೊದಲು ಬಂದದ್ದು ಸಣ್ಣ ಮಳೆ. ವಖಾರಿಯ ಸೂರಿನಿಂದ ನೀರು ನೆಟ್ಟಗೆ ಪಾತಿಗೆ ಇಳಿದು ಗುಳುಗುಳು ಎನ್ನುತ್ತ ರಸ್ತೆಗೆ ಓಡುತ್ತಿತ್ತು. ನಾನು ಚಾಪೆಯ ಮೇಲೆ ಮಲಗಿ ಮಾಡನ್ನೇ ನೋಡುತ್ತಿದ್ದೆ. ಒಂದು ಹನಿ ಇಲ್ಲ. ಕೈಯಿಂದ ನೆಲ ಸವರಿದೆ. ಒಣ ನೆಲ. ಹೊಟ್ಟೆಯಲ್ಲಿದ್ದುದಕ್ಕೆ, “ನೋಡು, ಇದು ನಿಂದು” ಎಂದೆ.

ಆಮೇಲೆ ಒಂದು ಬೆಳಿಗ್ಗೆ ನಿಜವಾದ ಮಳೆ ಬಂತು. ನಮ್ಮವರು ಅಂಗಡಿಗೆ ಹೋಗಿದ್ದರು, ಅತ್ತೆ ಅಡಿಗೆಮನೆಯಲ್ಲಿ ಗಂಜಿ ಬೇಯಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೋಡಿದ್ದನ್ನು ನೋಡಿದ ಹಾಗೆಯೇ ಹೇಳುತ್ತೇನೆ. ಜೋರು ಮಳೆಯಲ್ಲಿ ಅಷ್ಟು ದೊಡ್ಡ ಮಾಡಿನ ನೀರು ಸೂರಿನಿಂದ ನೆಟ್ಟಗೆ ಇಳಿಯುವುದಿಲ್ಲ. ಅದು ಮುಂದಕ್ಕೆ ಚಿಮ್ಮುತ್ತದೆ. ಗಂಗೆಯ ಮನೆಯಲ್ಲಿ ಹಾಗೆ ಚಿಮ್ಮಿದ ನೀರು ಪಾತಿಯನ್ನು ದಾಟಿ ಅವಳ ಹೆಂಚಿನ ಮೇಲೆ ಬಿದ್ದು, ಜಾರಿ ಹಿಂದೆ ಬಂದು ಪಾತಿಗೇ ಇಳಿಯಿತು. ನಮ್ಮ ಹೆಂಚು ಒಂದು ಕಲ್ಲು ಮೇಲಿತ್ತು. ನೀರು ಹೆಂಚಿಗೆ ಸಿಗದೆ, ಅದರ ಕೆಳಗೆ ನುಗ್ಗಿ, ಗೋಡೆಯ ನೆತ್ತಿಗೇ ಹೊಡೆಯಿತು. ಜಂತಿ ಕೂತ ಜಾಗಕ್ಕೆ, ಇನ್ನೂ ಬಿಗಿಯದ ಹಸಿ ಗಾರೆಗೆ. ಗೋಡೆಯ ಒಳಮೈಯಲ್ಲಿ ಬಿಳಿ ನೀರು ಇಳಿಯತೊಡಗಿತು, ಹಾಲಿನ ಹಾಗೆ. ಅದು ನಮ್ಮ ಸುಣ್ಣ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ಅತ್ತೆ, ಹೊರಗೆ ಬನ್ನಿ” ಎಂದೆ. ಮಳೆಯ ಗದ್ದಲದಲ್ಲಿ ಅವರಿಗೆ ಕೇಳಲಿಲ್ಲ. ನಿಂತಲ್ಲಿಂದಲೇ ಮತ್ತೆ ಕೂಗಿದೆ. ಕೂಗು ಕೇಳಿ ಗಂಗೆ ಬಂದಳು, ಮೇಲೆ ನೋಡಿದಳು, ನನ್ನನ್ನು ಬದಿಗೆ ನೂಕಿ ಒಳಗೆ ಓಡಿದಳು.

“ಗಂಜಿ ಇಳಿಸ್ತೆ ತಡಿ—”

“ಗಂಜಿ ಹಾಳಾಗ್ಲಿ, ಏಳಿ!”

ಅತ್ತೆಯನ್ನು ರಟ್ಟೆ ಹಿಡಿದು ಎಳೆದುಕೊಂಡು ಅವಳು ಹೊಸ್ತಿಲು ದಾಟುವುದಕ್ಕೂ ಗೋಡೆ ಹೊರಗಡೆಗೆ ವಾಲುವುದಕ್ಕೂ ಸರಿಹೋಯಿತು. ಗೋಡೆ ಬೀಳುವಾಗ ದೊಡ್ಡ ಶಬ್ದವಾಗುತ್ತದೆಂದು ನಾನು ತಿಳಿದಿದ್ದೆ. ಆಗಲಿಲ್ಲ. ಮಲಗುವವರ ಹಾಗೆ ಅದು ಮೆಲ್ಲಗೆ ಹೋಗಿ ಪಾತಿಯನ್ನು ಕೆಡವಿ ವಖಾರಿಯ ಗೋಡೆಗೆ ಒರಗಿತು. ಅದರ ಹಿಂದೆ ಹೆಂಚುಗಳು ಒಂದೊಂದಾಗಿ ಇಳಿದವು. ಒಂದು ಹೆಂಚು ಅತ್ತೆಯ ಮಣಿಕಟ್ಟಿಗೆ ಬಿತ್ತು. ಆ ಕೈ ಮತ್ತೆಂದೂ ನೆಟ್ಟಗಾಗಲಿಲ್ಲ. ಒಲೆ ಇದ್ದ ಜಾಗದಿಂದ ಹಬೆ ಏಳುತ್ತಿತ್ತು. ಈಗಲೂ ಜೋರು ಮಳೆ ಬಂದರೆ ನಾನು ಗೋಡೆಯನ್ನು ಕೈಯಿಂದ ಮುಟ್ಟಿ ನೋಡುತ್ತೇನೆ.

ಒಡೆಯರು ಕೊಡೆ ಹಿಡಿದುಕೊಂಡು ಬಂದರು. ಬೈಯಲಿಲ್ಲ. ಒರಗಿದ ಗೋಡೆಯನ್ನು ನೋಡಿ, “ನನ್ನ ಗೋಡೆಗೆ ತಾಗಿತು” ಎಂದರು, ಅಷ್ಟೇ. ಹಿಂದಿನ ಮನೆ ಇನ್ನು ಏಳಕೂಡದು ಎಂದರು. ಆಮೇಲೆ ಮುಂದಿನ ಮನೆಯ ಕಡೆ ತಿರುಗಿದರು. ಅವಳಿಗೂ ಹೊರಡು ಅನ್ನಲಿ ಎಂದು ನನ್ನ ಮನಸ್ಸು ಕಾಯುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಮಳೆಯಲ್ಲಿ ನಿಂತು, ಅತ್ತೆಯನ್ನು ಎಳೆದು ತಂದವಳ ಮನೆಯೂ ಹೋಗಲಿ ಎಂದು ಕಾಯುತ್ತಿದ್ದೆ.

“ಒಡ್ಯಾ, ಅವಳು ಹೆರೂ ದಿನ ಬಂತು,” ಎಂದಳು ಗಂಗೆ. ಅವಳ ಮಾತಿನಲ್ಲಿ ಆಗ ನಗು ಇರಲಿಲ್ಲ. “ಗಣಪತಿ ಹಬ್ಬ ಕಳೀಲಿ, ಒಂದು ಕಲ್ಲು ಇಳಿಸಿ ಮತ್ತೆ ಕಟ್ಟಿಕೊಳ್ತ್ರು.”

“ಮಾತು ಮಾತೇ, ತಂಗಿ. ನಿನ್ನದು ತಾಗಲಿಲ್ಲ, ನೀನು ಇರು.”

ಹೀಗೆ ನಾವೆಲ್ಲ ಗಂಗೆಯ ಒಂದು ಕೋಣೆಗೆ ಬಂದೆವು. ಗೋಣಿಯ ಪರದೆ ಮತ್ತೆ ಏರಿತು. ಕಿಟಕಿ ಇದ್ದ ಕಡೆಯನ್ನು ಅವಳು ನನಗೆ ಬಿಟ್ಟುಕೊಟ್ಟಳು. “ಬಾಣಂತಿಗೆ ಗಾಳಿ ಬೇಡ” ಎಂದರು ಅತ್ತೆ. “ಬಾಗಿಲು ಹಾಕಿದ್ರೆ ಆತು, ಬೆಳಕಾದ್ರೂ ಸಂದಿಯಿಂದ ಬರ್ಲಿ” ಎಂದಳು. ಅಲ್ಲಿಯೇ, ಪುನರ್ವಸು ಮಳೆಯ ಒಂದು ಮಧ್ಯಾಹ್ನ, ನನ್ನ ಮಗಳು ಹುಟ್ಟಿದಳು.

ಅದೂ ಆಷಾಢವೇ. ನಾನು ಮಗುವಿನ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದೆ. ಎರಡು ಬದಿಯ ಪಾತಿಗಳಲ್ಲಿ ನೀರು ಹರಿಯುತ್ತಿತ್ತು. ಒಳಗೆ ಹನಿ ಬೀಳಲಿಲ್ಲ. ಮಗುವಿನ ಬಟ್ಟೆ ಬೆಚ್ಚಗೆ ಒಣಗುತ್ತಿತ್ತು. ಶ್ರಾವಣ ಬಂತು, ಮಗು ಇತ್ತು. ಅದರ ಕೆನ್ನೆ ತುಂಬಿತ್ತು. ನೋಡಲು ಬಂದ ಹೆಂಗಸರು ಮಗುವನ್ನು ಎತ್ತಿ, ತಲೆಯೆತ್ತಿ ಮಾಡನ್ನೂ ನೋಡಿ, “ಗಂಗೆ, ನಿನ್ನ ಮನೆ ಒಳ್ಳೆ ಗುಣದ್ದು ಮಾರಾಯ್ತಿ” ಎನ್ನುತ್ತಿದ್ದರು. ಹೆತ್ತವಳು ನಾನು, ಹೊಗಳಿಕೆ ಹೆಂಚಿಗೆ. ಉಣ್ಣುವಾಗ ಅವಳ ಒಲೆ, ಮೀಯುವಾಗ ಅವಳ ಹಂಡೆ. ನನ್ನ ಮಗು ನಗಲು ಕಲಿತದ್ದೂ ಅವಳ ಮುಖ ನೋಡಿ, ಏಕೆಂದರೆ ಆ ಮನೆಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ. ಒಂದು ದಿನವಾದರೂ ಅವಳು ಇದು ನನ್ನ ಮನೆ ಎಂದಿದ್ದರೆ, ಒಂದು ಸಲ ಮುಖ ಸಿಂಡರಿಸಿದ್ದರೆ, ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅಷ್ಟೂ ಕೊಡಲಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮವರಿಗೆ ಹೊನ್ನಾವರದ ಮರದ ಡಿಪೋದಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಒಂದು ಬಿಡಾರವೂ. ಹೊರಡುವ ದಿನ ಗಂಟುಮೂಟೆ ಎಲ್ಲ ಜಗಲಿಗೆ ಬಂದವು. ಅತ್ತೆ ಇಲ್ಲೇ ಉಳಿಯುತ್ತೇನೆಂದರು. ಹಿರಿಯವನ ಮನೆ, ಕಿರಿಯವನ ಮನೆ ಎಂಬ ಮಾತನ್ನು ಅವರು ಎತ್ತಲಿಲ್ಲ. ನಮ್ಮವರು ಬಸ್ಸಿಗೆ ಹೊತ್ತಾಯಿತೆಂದು ರಸ್ತೆಯಿಂದ ಕೂಗುತ್ತಿದ್ದರು. ಮಗಳನ್ನು ತೂಗುತ್ತಿದ್ದ ಸೀರೆಯ ತೊಟ್ಟಿಲನ್ನು ಇಳಿಸಿ ಮಡಚಿದೆ. ಅದನ್ನು ಕಟ್ಟಿದ್ದ ಕತ್ತದ ಹಗ್ಗ ಜಂತಿಯಲ್ಲಿ ನೇತಾಡುತ್ತಿತ್ತು.

ಗಂಗೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳು ನನ್ನ ಕಿವಿಯ ಹತ್ತಿರ ಬಂದು, “ಹಗ್ಗ ಬಿಚ್ಚಬ್ಯಾಡ ಅಕ್ಕ, ಅಲ್ಲೇ ಇರ್ಲಿ. ನಂಗೂ ಬೇಕಾಗ್ತದೆ” ಎಂದಳು. ಹೇಳಿ, ನಾಚಿ, ಮಗುವಿನ ಹೊಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

ಸಂತೋಷದ ಮಾತು ಅದು. ಹಾಗೆಂದು ನನಗೆ ಗೊತ್ತಿತ್ತು. ಆದರೆ ನನಗೆ ತೋಚಿದ್ದು ಒಂದೇ: ಅವಳ ಮಗುವಿಗೆ ಯಾರ ಮನೆಯೂ ಬೇಕಾಗಿಲ್ಲ. ಅದು ಹುಟ್ಟಿದ ಕ್ಷಣದಿಂದ ತನ್ನದೇ ಮಾಡಿನ ಕೆಳಗೆ ಮಲಗುತ್ತದೆ.

ನಾನು ಮಣೆ ಹಾಕಿ ಹತ್ತಿದೆ. ಮಳೆಗಾಲದ ಹಸಿಗೆ ಗಂಟು ಬಿಗಿದುಕೊಂಡಿತ್ತು. ಉಗುರಿನಿಂದ ಬಿಡಿಸಿ, ಹಗ್ಗ ಇಳಿಸಿ, ಸುರುಳಿ ಸುತ್ತಿ ಚೀಲಕ್ಕೆ ಹಾಕಿದೆ.

“ಹೊನ್ನಾವರದಲ್ಲಿ ಹಗ್ಗ ಸಿಗೂದಿಲ್ವನೇ?” ಎಂದರು ಅತ್ತೆ.

ನಾನು ಚೀಲದ ಬಾಯಿ ಕಟ್ಟಿದೆ. ಗಂಗೆ ಮಗುವನ್ನು ನನ್ನ ತೋಳಿಗೆ ಇಟ್ಟು, ಅದರ ಕುಲಾವಿ ಸರಿಮಾಡಿದಳು.

“ತಕ್ಕೊಂಡು ಹೋಗ್ಲಿ ಬಿಡಿ ಅತ್ತೆ,” ಎಂದಳು. “ಜಂತಿ ಇಲ್ಲೇ ಅದ್ಯಲ್ಲ.”